ಅಣ್ಣ ತಮ್ಮಂದಿರಲ್ಲಿ ಹೆಚ್ಚಿನವರು ಯಾರು?

ಒಂದೇ ತಂದೆಯ ಇಬ್ಬರು ಮಕ್ಕಳಲ್ಲಿ ಗುಣ ಬೇರೆ, ಸಾಮರ್ಥ್ಯ ಬೇರೆ, ಮಾಡುವ ಕೆಲಸ ಬೇರೆಯಾದಾಗ ಅವರಿಬ್ಬರಲ್ಲಿ ಹೆಚ್ಚಿನವರು ಯಾರು ಎಂಬ ಪ್ರಶ್ನೆ ಏಳುವುದು ಸಹಜ. ಮನೆಯಲ್ಲಿ ಅದು ಮೊದಲು ನಗೆಮಾತಾಗಿ ಹುಟ್ಟುತ್ತದೆ. ವರ್ಷಗಳು ಕಳೆದಂತೆ ಪಾಲುಪತ್ರದ ವಾದವಾಗುತ್ತದೆ. ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಏರುತ್ತದೆ. ಬಸದಿಗಳ ಆಡಳಿತದಲ್ಲಿಯೂ ದ್ರವ್ಯ ಕೊಟ್ಟವರು ಹೆಚ್ಚೋ, ದಿನನಿತ್ಯ ಮೈಮುರಿದು ದುಡಿದವರು ಹೆಚ್ಚೋ ಎಂಬ ರೂಪದಲ್ಲಿ ಇದೇ ಪ್ರಶ್ನೆ ತಲೆಯೆತ್ತುತ್ತದೆ. ಆಗ ಹಿರಿಯರು ‘ನೀವಿಬ್ಬರೂ ಒಬ್ಬರಿಗೊಬ್ಬರು ಪೂರಕರು’ ಎಂದು ಸಮಾಧಾನ ಹೇಳುವುದುಂಟು. ಮಾತು ಒಳ್ಳೆಯದೇ. ಆದರೆ ಪೂರಕತ್ವವೆಂಬುದು ಇಬ್ಬರ ನಡುವೆ ತಾನಾಗಿಯೇ ಇರುವ ಸ್ಥಿತಿಯೋ, ಅಥವಾ ಪ್ರಯತ್ನದಿಂದ ಸಾಧಿಸಿಕೊಳ್ಳಬೇಕಾದ ಧರ್ಮವೋ? ಈ ವಿಚಾರವನ್ನು ಎರಡು ಪ್ರಾಚೀನ ಕಥೆಗಳ ಬೆಳಕಿನಲ್ಲಿ ಪರಿಶೀಲಿಸಬಹುದು. ಒಂದು ದೂರದ ಸುಮೇರ್ ನಾಡಿನದು. ಇನ್ನೊಂದು ನಮ್ಮ ಮನೆಮನೆಯಲ್ಲಿ ಬಾಳುತ್ತಿರುವುದು.

ಎರಡು ನದಿಗಳ ನಡುವಿನ ನಾಡು

ರಾಯಚೂರು ಸೀಮೆಯನ್ನು ಇತಿಹಾಸಕಾರರು ‘ದೋಆಬ್’ ಎಂದು ಕರೆಯುತ್ತಾರೆ. ಎರಡು ನೀರುಗಳ ನಡುವಿನ ನೆಲ ಎಂದು ಅದರ ಅರ್ಥ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗ ತಾಲ್ಲೂಕು ಕೃಷ್ಣೆಯ ದಡಕ್ಕೆ ಒತ್ತಿಕೊಂಡಿದೆ. ಮಾನ್ವಿಯ ಸೀಮೆ ತುಂಗಭದ್ರೆಯವರೆಗೆ ಹರಡಿದೆ. ರಾಯಚೂರು ನಗರ ಇವೆರಡರ ನಡುವೆ ನಿಂತಿದೆ. ಫಲವತ್ತಾದ ಈ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ಬಳಿಕ ಬಿಜಾಪುರದ ಆದಿಲಶಾಹಿಗಳೂ ತಲೆತಲಾಂತರದಿಂದ ಹೋರಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ರಾಯಚೂರಿನ ಯುದ್ಧ ಸರ್ವವಿದಿತವಾದುದು.

ಪಶ್ಚಿಮ ಏಷ್ಯದಲ್ಲಿಯೂ ಇಂತಹದೇ ಒಂದು ನಾಡುಂಟು. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಿನ ಆ ಪ್ರದೇಶವನ್ನು ಗ್ರೀಕರು ಮೆಸೊಪೊಟೇಮಿಯ ಎಂದು ಕರೆದರು. ಆ ಹೆಸರಿಗೂ ನದಿಗಳ ನಡುವಿನ ನಾಡು ಎಂದೇ ಅರ್ಥ. ಇಂದಿನ ಇರಾಕ್ ದೇಶದ ದಕ್ಷಿಣ ಭಾಗದಲ್ಲಿ, ಸುಮಾರು ಐದು ಸಾವಿರ ವರ್ಷಗಳ ಹಿಂದೆ, ಸುಮೇರಿಯನ್ ಜನರು ನಗರಗಳನ್ನು ಕಟ್ಟಿ, ಕಾಲುವೆಗಳನ್ನು ತೋಡಿ, ಹಸಿ ಮಣ್ಣಿನ ಹಲಗೆಗಳ ಮೇಲೆ ಮೊಳೆಯಾಕಾರದ ಲಿಪಿಯಲ್ಲಿ ಬರೆಯತೊಡಗಿದರು. ಅಲ್ಲಿಯೂ ನೆಲ ಮತ್ತು ನೀರಿಗಾಗಿ ಕಲಹ ತಪ್ಪಲಿಲ್ಲ. ಲಗಾಶ್ ಮತ್ತು ಉಮ್ಮಾ ಎಂಬ ನೆರೆಯ ನಗರಗಳು ಗಡಿಯ ಹೊಲ ಮತ್ತು ಕಾಲುವೆಯ ನೀರಿಗಾಗಿ ತಲೆಮಾರುಗಳ ಕಾಲ ಕಾದಾಡಿದವು. ಕ್ರಿಸ್ತಪೂರ್ವ ಸುಮಾರು ೨೫ನೆಯ ಶತಮಾನದಲ್ಲಿ ಲಗಾಶಿನ ಅರಸ ಎಅನ್ನಾತುಮ್ ತನ್ನ ಗೆಲುವಿನ ನೆನಪಿಗೆ ನಿಲ್ಲಿಸಿದ ಶಿಲಾಫಲಕದ ತುಂಡುಗಳು ಪ್ಯಾರಿಸ್ ನಗರದ ಲೂವ್ರ್ ಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಸತ್ತವರ ತಲೆಗಳನ್ನು ರಣಹದ್ದುಗಳು ಕಚ್ಚಿಕೊಂಡು ಹಾರುವ ದೃಶ್ಯ ಅದರಲ್ಲಿದೆ. ಗೆದ್ದವನು ತನ್ನ ಗೆಲುವನ್ನು ಕಂಡ ಬಗೆ ಅದು.

ಎಮೆಶ್ ಮತ್ತು ಎಂಟೆನ್

ಹೀಗೆ ನೀರಿನ ಜಗಳವನ್ನು ಬಲ್ಲ ಜನರೇ ಇಬ್ಬರು ಸಹೋದರ ದೇವರ ಒಂದು ಕಥೆಯನ್ನು ಹೆಣೆದರು. ನಿಪ್ಪುರ್ ನಗರದ ಅಧಿದೇವನಾದ ಎನ್ಲಿಲ್ ನಾಡಿನಲ್ಲಿ ಸಮೃದ್ಧಿಯನ್ನು ನೆಲೆಗೊಳಿಸಬೇಕೆಂದು ಇಬ್ಬರು ಮಕ್ಕಳನ್ನು ಪಡೆದನು. ಎಮೆಶ್ ಎಂಬವನು ಬೇಸಿಗೆ. ಎಂಟೆನ್ ಎಂಬವನು ಚಳಿಗಾಲ. ಸುಮೇರಿಯನ್ನರು ವರ್ಷವನ್ನು ಎರಡೇ ಋತುಗಳಾಗಿ ವಿಭಾಗಿಸಿಕೊಂಡಿದ್ದರಾದ್ದರಿಂದ ಇಡೀ ಸಂವತ್ಸರವೇ ಈ ಇಬ್ಬರಿಗೆ ಹಂಚಿಹೋಯಿತು. ಎಂಟೆನ್ ಕುರಿಗೆ ಮರಿಯನ್ನೂ ಹಸುವಿಗೆ ಕರುವನ್ನೂ ಕೊಟ್ಟನು. ಹಾಲು ಬೆಣ್ಣೆಗಳನ್ನು ಹೆಚ್ಚಿಸಿದನು. ಹಕ್ಕಿಗಳಿಗೆ ಗೂಡನ್ನೂ ಮೀನುಗಳಿಗೆ ಜೊಂಡಿನ ನೆಲೆಯನ್ನೂ ಒದಗಿಸಿದನು. ಎಮೆಶ್ ಮರಗಳನ್ನೂ ಹೊಲಗಳನ್ನೂ ಮೂಡಿಸಿದನು. ದನದ ಕೊಟ್ಟಿಗೆಗಳನ್ನು ವಿಸ್ತರಿಸಿದನು. ಸುಗ್ಗಿಯಿಂದ ಕಣಜಗಳನ್ನು ತುಂಬಿದನು.

ಕೆಲಸ ಮುಗಿಸಿ ಇಬ್ಬರೂ ತಂದೆಗೆ ಕಾಣಿಕೆ ಹೊತ್ತು ನಿಪ್ಪುರಿಗೆ ಬಂದರು. ಅಲ್ಲಿ ಜಗಳ ಹುಟ್ಟಿತು. ದೇವತೆಗಳ ಬೇಸಾಯಗಾರನೆಂಬ ಬಿರುದು ಯಾರಿಗೆ ಸಲ್ಲಬೇಕು? ಇಬ್ಬರೂ ತಂದೆಯ ಮುಂದೆ ವಾದ ಮಂಡಿಸಿದರು. ಎನ್ಲಿಲ್ ತೀರ್ಪಿತ್ತನು: ಜೀವ ಕೊಡುವ ನೀರಿನ ಒಡೆತನ ಎಂಟೆನನದು, ಆದ್ದರಿಂದ ಅವನೇ ಹೆಚ್ಚು, ಎಮೆಶ್ ತನ್ನನ್ನು ಸಹೋದರನೊಡನೆ ಹೋಲಿಸಿಕೊಳ್ಳಲಾಗದು. ಎಮೆಶ್ ಮರುಮಾತಾಡಲಿಲ್ಲ. ಸಹೋದರನ ಮುಂದೆ ಮೊಣಕಾಲೂರಿ ನಮಿಸಿದನು. ಬೆಳ್ಳಿ, ಬಂಗಾರ, ನೀಲಿ ರತ್ನಗಳನ್ನು ಅರ್ಪಿಸಿದನು. ಇಬ್ಬರೂ ಸ್ನೇಹದಿಂದ ಕೂಡಿ ಉಂಡು ಕುಡಿದರು ಎಂದು ಕಥೆ ಮುಗಿಯುತ್ತದೆ. ಸುಮೇರಿಯನ್ ಸಾಹಿತ್ಯದ ವಿದ್ವಾಂಸರಾದ ಸ್ಯಾಮ್ಯುಯೆಲ್ ನೋಹ್ ಕ್ರೇಮರ್ ಅವರು ೧೯೪೪ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ.

ಲೋಕವನ್ನು ಒಬ್ಬ ದೇವನು ಸೃಷ್ಟಿಸಿದನೆಂಬ ವಾದವಾಗಲಿ, ಮದ್ಯದಿಂದ ಸ್ನೇಹ ಬೆಸೆಯಿತೆಂಬ ಮಾತಾಗಲಿ ನಮಗೆ ಸಮ್ಮತವಲ್ಲ. ಆದರೂ ಕಥೆಯ ಒಳಗಿರುವ ನೈತಿಕ ಪ್ರಶ್ನೆಯನ್ನು ಆದರದಿಂದ ಕಾಣಬೇಕು. ಜಗಳವನ್ನು ಮಾತಿನಲ್ಲಿ ನಡೆಸಿ, ಒಬ್ಬ ಹಿರಿಯನ ತೀರ್ಪಿಗೆ ಒಪ್ಪಿಸಿ, ಬಳಿಕ ಒಂದಾಗಿ ಊಟಕ್ಕೆ ಕುಳಿತ ಸಹೋದರರು ರಣಹದ್ದುಗಳ ಶಿಲಾಫಲಕಕ್ಕಿಂತ ಎಷ್ಟೋ ಎತ್ತರದಲ್ಲಿ ನಿಲ್ಲುತ್ತಾರೆ.

ತೀರ್ಪಿನ ಮಿತಿ

ಈಗ ಒಂದು ಸಂದೇಹವನ್ನು ಎತ್ತೋಣ. ಎನ್ಲಿಲನ ತೀರ್ಪು ಸತ್ಯವೇ? ಸುಮೇರಿನಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಅಲ್ಲಿ ನೆಲವನ್ನು ಸುಡುತ್ತದೆ. ಆದ್ದರಿಂದ ನೀರಿನ ಒಡೆಯ ಎಂಟೆನ್ ಎಂಬುದು ಅಲ್ಲಿ ಸತ್ಯ. ಆದರೆ ಅದೇ ನ್ಯಾಯಪೀಠವನ್ನು ರಾಯಚೂರಿನಲ್ಲಿ ಹೂಡಿದ್ದರೆ? ನಮ್ಮಲ್ಲಿ ವರ್ಷದ ಹೆಚ್ಚಿನ ಮಳೆ ಜ್ಯೇಷ್ಠದಿಂದ ಭಾದ್ರಪದದವರೆಗೆ ಬೀಳುತ್ತದೆ. ಸುಮೇರಿನಲ್ಲಿ ಎಮೆಶನ ಪಾಲಿಗೆ ಬಂದ ಅರ್ಧವರ್ಷವೇ ಇಲ್ಲಿ ನೀರನ್ನು ತರುತ್ತದೆ. ಇಲ್ಲಿನ ರೈತನನ್ನು ಕೇಳಿದರೆ ತೀರ್ಪು ತಿರುಗಿಬಿದ್ದೀತು.

ಅಷ್ಟಕ್ಕೇ ನಿಲ್ಲುವಂತಿಲ್ಲ. ಮುಂಗಾರಿನಲ್ಲಿ ಸಜ್ಜೆ, ತೊಗರಿ, ಹತ್ತಿ; ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ. ನಮ್ಮ ರೊಟ್ಟಿಯ ಜೋಳ ಬೆಳೆಯುವುದು ಮಳೆ ಹಿಂದೆ ಸರಿದ ಮೇಲೆ. ಹಿಂದಿನ ತಿಂಗಳುಗಳಲ್ಲಿ ಬಿದ್ದ ನೀರನ್ನು ಎರೆಭೂಮಿ ತನ್ನ ಒಡಲಿನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಆ ಹಸಿಯ ಮೇಲೆ, ಚಳಿಯ ಇಬ್ಬನಿಯಲ್ಲಿ, ತೆನೆ ಕಟ್ಟುತ್ತದೆ. ನೀರು ತಂದವನು ಒಬ್ಬ, ಅದನ್ನು ಕಾಳಾಗಿಸಿದವನು ಇನ್ನೊಬ್ಬ. ಇವರಲ್ಲಿ ಹೆಚ್ಚಿನವನಾರು ಎಂದರೆ ಉತ್ತರವಿಲ್ಲ. ಅಥವಾ ಎರಡು ಉತ್ತರಗಳಿವೆ.

ಜೈನ ದಾರ್ಶನಿಕರು ಯಾವುದೇ ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದಲೇ ಹೇಳಬೇಕೆಂದರು. ಎಂಟೆನ್ ಹೆಚ್ಚು ಎಂಬ ಮಾತು ಸುಮೇರ್ ಎಂಬ ಕ್ಷೇತ್ರದ ಅಪೇಕ್ಷೆಯಿಂದ ಸತ್ಯ. ಎಲ್ಲ ಕ್ಷೇತ್ರಕ್ಕೂ ಅನ್ವಯಿಸಿದೊಡನೆ ಅದು ಏಕಾಂತವಾಗುತ್ತದೆ. ಮನೆಯೊಳಗಿನ ತೀರ್ಪುಗಳೂ ಹಾಗೆಯೇ. ಅಂಗಡಿ ಬೆಳೆಯುತ್ತಿದ್ದ ಕಾಲದಲ್ಲಿ ವ್ಯಾಪಾರ ಬಲ್ಲ ಅಣ್ಣ ಹೆಚ್ಚಿನವನಾಗಿ ಕಂಡಿರುತ್ತಾನೆ. ತಂದೆತಾಯಿ ಹಾಸಿಗೆ ಹಿಡಿದ ಕಾಲದಲ್ಲಿ, ಏನೂ ಸಂಪಾದಿಸದೆ ಊರಿನಲ್ಲಿಯೇ ಉಳಿದ ತಮ್ಮ ಹೆಚ್ಚಿನವನಾಗಿ ಕಾಣುತ್ತಾನೆ. ತಕ್ಕಡಿಯನ್ನು ಯಾವ ಗಳಿಗೆಯಲ್ಲಿ ಹಿಡಿದೆವೆಂಬುದರ ಮೇಲೆ ತೂಕ ಬದಲಾಗುತ್ತದೆ. ಹೀಗಿರಲು ಒಂದು ಗಳಿಗೆಯ ತೀರ್ಪನ್ನು ಜೀವಮಾನದ ಸತ್ಯವೆಂದು ಹಿಡಿಯುವುದು ವಿವೇಕವಲ್ಲ.

ಎಮೆಶನ ಕಥೆಯಲ್ಲಿ ಇನ್ನೊಂದು ಕೊರತೆಯೂ ಇದೆ. ಅಲ್ಲಿ ಬಾಗಿದವನು ಸೋತವನು. ತೀರ್ಪು ಬಂದ ಮೇಲೆ ಸೋತವನು ಬಾಗುವುದರಲ್ಲಿ ವಿನಯ ಎಷ್ಟು, ಅನಿವಾರ್ಯತೆ ಎಷ್ಟು ಎಂದು ಹೇಳುವುದು ಕಷ್ಟ. ಎಂಟೆನನಾದರೋ ಏನನ್ನೂ ಬಿಟ್ಟುಕೊಡಲಿಲ್ಲ. ಗೆದ್ದವನ ಧರ್ಮವೇನು ಎಂಬ ಪ್ರಶ್ನೆಯನ್ನು ಆ ಕಥೆ ಕೇಳಲೇ ಇಲ್ಲ. ಅದನ್ನು ಕೇಳಿದ ಕಥೆ ನಮ್ಮಲ್ಲಿದೆ.

ಭರತ ಮತ್ತು ಬಾಹುಬಲಿ

ಭರತ ಬಾಹುಬಲಿಯರ ಕಥೆಯನ್ನು ವಿಸ್ತಾರವಾಗಿ ಹೇಳಿದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದವರು. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನಿಗೆ ಪೂಜ್ಯರಾಗಿದ್ದವರು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ರಾಯಚೂರಿನಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ನಡೆದರೆ ಸಿಗುವ ಊರು. ಅವರ ಸಂಸ್ಕೃತ ಆದಿಪುರಾಣದ ಹಾದಿಯಲ್ಲಿ ನಡೆದು ಪಂಪನು ಕ್ರಿ.ಶ. ೯೪೧ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದನು.

ಕಥೆ ಎಲ್ಲರೂ ಬಲ್ಲದ್ದು. ವೃಷಭನಾಥನು ದೀಕ್ಷೆಗೆ ತೆರಳುವ ಮುನ್ನ ಮಕ್ಕಳಿಗೆ ರಾಜ್ಯವನ್ನು ಹಂಚಿದನು. ಭರತನಿಗೆ ಅಯೋಧ್ಯೆ, ಬಾಹುಬಲಿಗೆ ಪೌದನಪುರ. ದಿಗ್ವಿಜಯ ಮುಗಿಸಿ ಬಂದ ಭರತನ ಚಕ್ರರತ್ನ ಪುರದ್ವಾರದಲ್ಲಿ ನಿಂತುಬಿಟ್ಟಿತು. ಸಹೋದರರು ಇನ್ನೂ ಅಧೀನರಾಗಿರಲಿಲ್ಲ. ತೊಂಬತ್ತೆಂಟು ಮಂದಿ ತಮ್ಮಂದಿರು ರಾಜ್ಯ ತೊರೆದು ತಂದೆಯ ಬಳಿ ದೀಕ್ಷೆ ಪಡೆದರು. ಬಾಹುಬಲಿ ಮಾತ್ರ ಒಪ್ಪಲಿಲ್ಲ. ಅಣ್ಣನೆಂದು ಕರೆದಿದ್ದರೆ ವಂದಿಸುತ್ತಿದ್ದನು. ಚಕ್ರವರ್ತಿಯೆಂದು ಬೆದರಿಸಿದಾಗ ತಂದೆ ಕೊಟ್ಟ ನೆಲವನ್ನು ಬಿಡಲು ಸಿದ್ಧನಿರಲಿಲ್ಲ. ಸೇನೆಗಳು ಎದುರುಬದುರಾದವು. ಇಬ್ಬರೂ ಚರಮಶರೀರಿಗಳು, ಇವರಿಗಾಗಿ ಸಾವಿರಾರು ಜೀವಗಳು ಏಕೆ ಅಳಿಯಬೇಕು ಎಂದು ಮಂತ್ರಿಗಳು ವಿಚಾರಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಗೊತ್ತುಮಾಡಿದರು. ಮೂರರಲ್ಲಿಯೂ ಭರತ ಸೋತನು. ಬಾಹುಬಲಿ ಅಣ್ಣನನ್ನು ಮೇಲೆತ್ತಿದನೇ ಹೊರತು ನೆಲಕ್ಕೆ ಕೆಡಹಲಿಲ್ಲ. ಅಪಮಾನದಿಂದ ಕುದಿದ ಭರತನು ಚಕ್ರವನ್ನು ಪ್ರಯೋಗಿಸಿದನು; ಅದು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತು. ಆ ಗಳಿಗೆಯಲ್ಲಿ, ಪೂರ್ಣವಾಗಿ ಗೆದ್ದಿದ್ದ ಬಾಹುಬಲಿ ರಾಜ್ಯವನ್ನು ತೊರೆದು ತಪಸ್ಸಿಗೆ ನಡೆದನು.

ಇಲ್ಲಿಯವರೆಗೆ ಕಥೆ ತ್ಯಾಗದ ಮಹಿಮೆಯನ್ನು ಹೇಳುತ್ತದೆ. ಅದರ ನೈತಿಕ ತಿರುಳು ಮಾತ್ರ ಮುಂದಿದೆ. ಬಾಹುಬಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು, ಕೇವಲಜ್ಞಾನ ಬರಲಿಲ್ಲ. ಏಕೆ? ‘ಭರತನು ನನ್ನಿಂದ ನೊಂದನಲ್ಲಾ’ ಎಂಬ ಅಳಲು ಅವನ ಹೃದಯದಲ್ಲಿ ಉಳಿದಿತ್ತು ಎಂದು ಜಿನಸೇನರು ಹೇಳುತ್ತಾರೆ. ನಿಂತ ನೆಲ ಭರತನದೆಂಬ ಶಲ್ಯ ಚುಚ್ಚುತ್ತಿತ್ತೆಂದು ಜನಜನಿತವಾದ ಕಥನ. ದೀಕ್ಷೆಯಲ್ಲಿ ತನಗಿಂತ ಹಿರಿಯರಾದ ತಮ್ಮಂದಿರಿಗೆ ವಂದಿಸಬೇಕಲ್ಲಾ ಎಂಬ ಮಾನ ಅಡ್ಡಬಂದಿತೆಂದೂ, ಬ್ರಾಹ್ಮಿ ಸುಂದರಿಯರು ಬಂದು ಆ ಮಾನದ ಆನೆಯಿಂದ ಇಳಿಯಲು ತಿಳಿಹೇಳಿದರೆಂದೂ ಶ್ವೇತಾಂಬರ ಪರಂಪರೆ ಹೇಳುತ್ತದೆ. ಜಿನಸೇನರ ಕಥನದಲ್ಲಿ ಭರತನೇ ಬಂದು ಭಕ್ತಿಯಿಂದ ಪೂಜಿಸಿದಾಗ ಆ ಅಳಲು ಕರಗಿ ಕೇವಲಜ್ಞಾನವಾಯಿತು.

ಈ ಮಾತನ್ನು ನಿಧಾನವಾಗಿ ಮನನ ಮಾಡಬೇಕು. ಬಾಹುಬಲಿಗೆ ಯಾವ ಕೊರತೆಯಿತ್ತು? ಬಲದಲ್ಲಿ ಕೊರತೆಯಿಲ್ಲ, ನ್ಯಾಯ ಅವನ ಕಡೆಗಿತ್ತು, ತ್ಯಾಗ ಪೂರ್ಣವಾಗಿತ್ತು, ತಪಸ್ಸು ಉಗ್ರವಾಗಿತ್ತು. ಆದರೂ ಅಣ್ಣನ ನೋವು ತೀರುವವರೆಗೆ ಅವನ ಸಿದ್ಧಿ ಕಾದು ನಿಂತಿತು. ಗೆದ್ದವನು ರಾಜ್ಯವನ್ನು ಬಿಡಬಲ್ಲನು; ಸೋತವನ ಹೃದಯದಲ್ಲಿ ತಾನು ಬಿಟ್ಟುಬಂದ ಗಾಯವನ್ನು ಹಾಗೆ ಬಿಟ್ಟು ಹೋಗಲಾರನು. ಭರತನ ಕಡೆಯಿಂದ ನೋಡಿದರೂ ಹಾಗೆಯೇ: ತನ್ನನ್ನು ಸೋಲಿಸಿದ ತಮ್ಮನ ಪಾದಕ್ಕೆ ಎರಗುವ ಶಕ್ತಿ ಬಂದ ದಿನ ಅವನ ಚಕ್ರವರ್ತಿತ್ವಕ್ಕೆ ಅರ್ಥ ಬಂದಿತು. ಮುಂದೆ ಒಂದು ದಿನ ಕನ್ನಡಿಯಲ್ಲಿ ನರೆಗೂದಲನ್ನು ಕಂಡು ವಿರಕ್ತನಾದ ಭರತನಿಗೆ ದೀಕ್ಷೆ ಪಡೆದ ಅಂತರ್ಮುಹೂರ್ತದಲ್ಲಿಯೇ ಕೇವಲಜ್ಞಾನವಾಯಿತು. ವರ್ಷವಿಡೀ ನಿಂತು ಪಡೆದವನೂ ಕ್ಷಣದಲ್ಲಿ ಪಡೆದವನೂ ಸೇರಿದ್ದು ಒಂದೇ ಪದವಿಯನ್ನು. ಅಲ್ಲಿ ಹೆಚ್ಚಿನವನಾರು ಎಂಬ ಪ್ರಶ್ನೆಗೆ ನೆಲೆಯೇ ಇಲ್ಲ.

ಆದ್ದರಿಂದ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುತ್ತದೆ. ಪೂರಕತ್ವ ಹುಟ್ಟಿನಿಂದ ಬರುವುದಲ್ಲ, ಕೆಲಸ ಹಂಚಿಕೊಂಡ ಮಾತ್ರಕ್ಕೆ ಬರುವುದೂ ಅಲ್ಲ. ಒಬ್ಬನ ಒಳಿತು ಇನ್ನೊಬ್ಬನ ನೆಮ್ಮದಿಯಿಲ್ಲದೆ ಪೂರ್ಣವಾಗದೆಂದು ಇಬ್ಬರೂ ಅರಿತು ನಡೆದಾಗ ಅದು ಉಂಟಾಗುತ್ತದೆ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುವುದನ್ನು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಆಚಾರ್ಯರು ಸೂತ್ರರೂಪದಲ್ಲಿ ಹೇಳಿದ್ದಾರೆ. ಆ ತತ್ತ್ವ ಸಹೋದರರಿಗೆ ಎಲ್ಲರಿಗಿಂತ ಮೊದಲು ಅನ್ವಯಿಸುತ್ತದೆ.

ಶಿಲೆಯಲ್ಲಿ ಮತ್ತು ಗ್ರಂಥದಲ್ಲಿ

ನಮ್ಮ ಪೂರ್ವಿಕರು ಇದನ್ನು ಮರೆತಿರಲಿಲ್ಲ. ಕ್ರಿ.ಶ. ೯೮೧ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುವ ಗೊಮ್ಮಟಮೂರ್ತಿಯನ್ನು ಕಾಣಲು ಮೆಟ್ಟಿಲೇರುವವರು ಅಖಂಡ ಬಾಗಿಲನ್ನು ಹಾದುಹೋಗಬೇಕು. ಆ ಬಾಗಿಲಿನ ಒಂದು ಪಕ್ಕದಲ್ಲಿ ಬಾಹುಬಲಿ, ಇನ್ನೊಂದು ಪಕ್ಕದಲ್ಲಿ ಭರತ, ಇಬ್ಬರ ಚಿಕ್ಕ ಗುಡಿಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಭರತೇಶ್ವರನೆಂಬ ದಂಡನಾಯಕನು ಅವನ್ನು ಮಾಡಿಸಿದನು. ಸುಮೇರಿನವರ ನಾಡಿನಲ್ಲಿಯೂ ಲುಗಲ್-ಇರ್ರಾ, ಮೆಸ್ಲಮ್ತ-ಎಅ ಎಂಬ ಅವಳಿ ದೇವರನ್ನು ಬಾಗಿಲಿನ ಕಾವಲಿಗೆ ನಿಲ್ಲಿಸುವ ನಂಬಿಕೆಯಿತ್ತು. ಆ ಅವಳಿಗಳು ಶತ್ರುವನ್ನು ತಡೆಯಲು ನಿಂತವರು. ನಮ್ಮ ಸಹೋದರರ ನಡುವೆ ಯಾತ್ರಿಕರು ಮಾನವನ್ನು ಇಳಿಸಿ ಒಳಗೆ ನಡೆಯುತ್ತಾರೆ. ಎದುರಿನ ಚಂದ್ರಗಿರಿಯಲ್ಲಿ ಸುಮಾರು ೯ ಅಡಿ ಎತ್ತರದ ಭರತೇಶ್ವರನ ಮೂರ್ತಿಯೊಂದು ಮೊಣಕಾಲಿನ ಕೆಳಗೆ ಕಡೆದು ಮುಗಿಯದೆ ನಿಂತಿದೆ. ಬಾಹುಬಲಿಗೆ ಮಣಿದು ಬರುವವರು ಆ ಅಣ್ಣನನ್ನೂ ಒಮ್ಮೆ ಕಂಡುಬರುವುದು ಉಚಿತ.

ಆದಿಪುರಾಣದ ರಚನೆಯೂ ಇದೇ ಪಾಠವನ್ನು ಕಲಿಸುತ್ತದೆ. ೪೭ ಪರ್ವಗಳ ಆ ಗ್ರಂಥದಲ್ಲಿ ೪೨ ಪರ್ವಗಳನ್ನು ಮುಗಿಸುವಷ್ಟರಲ್ಲಿ ಜಿನಸೇನರ ಆಯುಷ್ಯ ತೀರಿತು. ಉಳಿದುದನ್ನು ಶಿಷ್ಯರಾದ ಗುಣಭದ್ರಾಚಾರ್ಯರು ಪೂರೈಸಿದರು. ಬಾಹುಬಲಿಯ ಕೇವಲಜ್ಞಾನವನ್ನು ಬರೆದವರು ಗುರುಗಳು, ಭರತನದನ್ನು ಬರೆದವರು ಶಿಷ್ಯರು. ಅದಕ್ಕೂ ಮೊದಲು, ತಮ್ಮ ಗುರು ವೀರಸೇನಾಚಾರ್ಯರು ಅರ್ಧಕ್ಕೆ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಕ್ರಿ.ಶ. ೮೩೭ರಲ್ಲಿ ಪೂರೈಸಿದವರು ಇದೇ ಜಿನಸೇನರು. ಗುರುವಿನ ಕೆಲಸವನ್ನು ಮುಗಿಸಿದವರ ಕೆಲಸವನ್ನು ಶಿಷ್ಯರು ಮುಗಿಸಿದರು. ಯಾರ ಪಾಲು ಎಷ್ಟೆಂದು ಅವರು ಮುಚ್ಚಿಡಲಿಲ್ಲ, ಅದಕ್ಕಾಗಿ ಸೆಣಸಲೂ ಇಲ್ಲ.

ಪೂರಕತ್ವದ ಹೆಸರಿನಲ್ಲಿ ಅನ್ಯಾಯ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಪೂರಕ’ ಎಂಬ ಹಿತವಾದ ಮಾತು ಅನ್ಯಾಯಕ್ಕೆ ಹೊದಿಕೆಯಾಗುವುದೂ ಉಂಟು. ‘ನೀನು ಹೊಲ ನೋಡಿಕೋ, ನಾನು ಲೆಕ್ಕ ನೋಡಿಕೊಳ್ಳುತ್ತೇನೆ’ ಎಂದ ಅಣ್ಣನು ಲೆಕ್ಕವನ್ನು ಎಂದೂ ತೋರಿಸದಿದ್ದರೆ ಅದು ಪೂರಕತ್ವವಲ್ಲ, ಪರಿಗ್ರಹ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಹಿಂದೂ ಉತ್ತರಾಧಿಕಾರ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. ಅದರ ೨೦೦೫ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಆದರೂ ಮನೆತನದ ಸಾಮರಸ್ಯದ ಹೆಸರಿನಲ್ಲಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ವಾಡಿಕೆ ನಿಂತಿಲ್ಲ. ಆದಿತೀರ್ಥಂಕರನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದನೆಂದು ಹೆಮ್ಮೆಪಡುವ ನಾವು, ನಮ್ಮ ಮನೆಯ ಮಗಳು ಲೆಕ್ಕ ಕೇಳಿದಾಗ ಮುಖ ಗಂಟಿಕ್ಕುವುದು ತರವೇ?

ಬಾಹುಬಲಿಯ ನಡೆಯನ್ನೇ ನೋಡಿ. ಅನ್ಯಾಯದ ಬೇಡಿಕೆಗೆ ಅವನು ತಲೆಬಾಗಲಿಲ್ಲ. ತನ್ನ ಹಕ್ಕನ್ನು ದೃಢವಾಗಿ ಹೇಳಿದನು. ಮೂರನೆಯವರ ರಕ್ತ ಹರಿಯದ ರೀತಿಯಲ್ಲಿ ಅದನ್ನು ಸಮರ್ಥಿಸಿದನು. ಸಿದ್ಧವಾದ ಹಕ್ಕನ್ನು ಬಿಟ್ಟದ್ದು ತನ್ನ ಸ್ವಂತ ಇಚ್ಛೆಯಿಂದ. ಬಲವಂತದಿಂದ ಬಿಡಿಸಿದ್ದು ತ್ಯಾಗವೆನಿಸುವುದಿಲ್ಲ. ಆದ್ದರಿಂದ ಮೊದಲು ನ್ಯಾಯವಾಗಿ ಹಂಚಿಕೆಯಾಗಬೇಕು, ಆಮೇಲೆ ಉದಾರತೆಯ ಮಾತು. ನ್ಯಾಯಕ್ಕೆ ಬದಲಾಗಿ ಸಾಮರಸ್ಯವನ್ನು ಬೋಧಿಸುವವರು ಭರತನ ದೂತರಂತೆ ಮಾತನಾಡುತ್ತಾರೆ.

ಬಸದಿಯ ಆಡಳಿತದಲ್ಲಿಯೂ ಇದೇ ಕ್ರಮ ಸಲ್ಲುತ್ತದೆ. ದ್ರವ್ಯದಾನ ಮಾಡಿದವರ ಹೆಸರು ಅಮೃತಶಿಲೆಯ ಫಲಕದಲ್ಲಿರುತ್ತದೆ. ಪ್ರತಿದಿನ ಅಭಿಷೇಕದ ನೀರು ಸೋಸಿ ತಂದವರ ಹೆಸರು ಎಲ್ಲಿಯೂ ಇರುವುದಿಲ್ಲ. ಲೆಕ್ಕಪತ್ರ ಎಲ್ಲರಿಗೂ ತೆರೆದಿರಲಿ, ಸಭೆಯಲ್ಲಿ ಇಬ್ಬರ ಮಾತಿಗೂ ಸಮಾನ ಸ್ಥಾನವಿರಲಿ. ನೀರಾವರಿಯ ವಿಷಯದಲ್ಲಿ ನಮ್ಮ ಜಿಲ್ಲೆ ಇದನ್ನು ದಿನವೂ ಅನುಭವಿಸುತ್ತಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದವರು ಹೆಚ್ಚು ನೀರು ಹರಿಸಿಕೊಂಡರೆ ಮಾನ್ವಿ, ರಾಯಚೂರು ಭಾಗದ ಕೊನೆಯ ಹೊಲಗಳು ಒಣಗುತ್ತವೆ. ದೇವದುರ್ಗದ ಕಡೆ ಹರಿಯುವ ನಾರಾಯಣಪುರ ಬಲದಂಡೆ ಕಾಲುವೆಗೂ ಕೊನೆಯ ಹೊಲಗಳುಂಟು. ಮೇಲಿನವನ ತೂಬಿನಲ್ಲಿ ಕೆಳಗಿನವನ ಅನ್ನವಿದೆ.

ಕ್ಷಮಾವಣಿಯ ಅರ್ಥ

ದಶಲಕ್ಷಣ ಪರ್ವ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುತ್ತದೆ. ಅದರ ಬೆನ್ನಿಗೆ ಕ್ಷಮಾವಣಿ ಬರುತ್ತದೆ. ನಮ್ಮ ಸೀಮೆಯಲ್ಲಿ ಮುಂಗಾರು ತನ್ನ ಕೆಲಸ ಮುಗಿಸಿ ಹಿಂಗಾರಿಗೆ ನೆಲವನ್ನು ಒಪ್ಪಿಸುವ ಕಾಲವೂ ಅದೇ. ಆ ದಿನ ನಾವು ಸಿಕ್ಕವರೆಲ್ಲರಿಗೂ ಕೈಮುಗಿದು ಕ್ಷಮೆ ಕೇಳುತ್ತೇವೆ. ದೂರದ ಪರಿಚಿತರಿಗೆ ಪತ್ರ, ಸಂದೇಶ ಕಳುಹಿಸುತ್ತೇವೆ. ಆದರೆ ದಾವೆ ಹೂಡಿದ ಒಡಹುಟ್ಟಿದವರ ಮನೆಯ ಹೊಸ್ತಿಲನ್ನು ಮಾತ್ರ ದಾಟುವುದಿಲ್ಲ. ತಪ್ಪು ಮಾಡಿದವನು ಕ್ಷಮೆ ಕೇಳಲಿ, ನ್ಯಾಯ ನನ್ನ ಕಡೆ ಇದೆಯಲ್ಲಾ ಎನ್ನುತ್ತೇವೆ.

ಬಾಹುಬಲಿಯ ಕಥೆ ಈ ಸಮಾಧಾನವನ್ನು ನಮಗೆ ಉಳಿಸುವುದಿಲ್ಲ. ನ್ಯಾಯ ಯಾರ ಕಡೆಗಿತ್ತೋ ಅವನ ಎದೆಯಲ್ಲಿಯೇ ಶಲ್ಯ ಉಳಿದಿತ್ತು. ನ್ಯಾಯಾಲಯದ ತೀರ್ಪು ನಮ್ಮ ಪರವಾಗಿ ಬಂದಿರಬಹುದು, ಅದು ಸರಿಯಾದ ತೀರ್ಪೂ ಆಗಿರಬಹುದು. ಅದರಿಂದ ನೆಲದ ಗಡಿ ನಿಶ್ಚಯವಾಯಿತು. ನೊಂದ ಸಹೋದರನನ್ನು ಕಾಣುವ ಕರ್ತವ್ಯ ಅದರಿಂದ ತೀರಲಿಲ್ಲ. ಹೊಲವನ್ನು ಹಿಂದಕ್ಕೆ ಕೊಡಬೇಕೆಂದಿಲ್ಲ. ಮನೆಗೆ ಹೋಗಿ, ‘ನನ್ನಿಂದ ನಿನಗೆ ನೋವಾಯಿತು’ ಎಂದು ಹೇಳಬೇಕು. ಸೋತವನು ಭರತನಂತೆ ಹೃದಯ ತೆರೆದು ಬರಬಹುದು, ಬರದೆಯೂ ಇರಬಹುದು. ಅದು ಅವನ ಪರಿಣಾಮಕ್ಕೆ ಸೇರಿದ್ದು. ನಮ್ಮ ಪರಿಣಾಮವನ್ನು ಶುದ್ಧಗೊಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮುಂದಿನ ಕ್ಷಮಾವಣಿಯಂದು ಪ್ರತಿಯೊಂದು ಕುಟುಂಬವೂ ದೂರದವರಿಗೆ ಸಂದೇಶ ಬರೆಯುವ ಮುನ್ನ, ಮಾತು ಬಿಟ್ಟ ಒಡಹುಟ್ಟಿದವರೊಬ್ಬರ ಮನೆಗೆ ಹೋಗಿಬರಲಿ. ಈ ಯಾತ್ರೆಯಲ್ಲಿ ಗೆದ್ದವರೇ ಮೊದಲ ಹೆಜ್ಜೆ ಇಡಲಿ.